ಮೂರು ಮಂದಿ ಬಸ್ಯಾ, ಒಂದು ಪೈಥಾನು

ನಿನ್ನೆ ಸಂಜಿ ಬಳ್ಳಾರಿ ರಾಯಲ್ ಸರ್ಕಲ್ ಹತ್ರ ಮಿರ್ಚಿ ಬಂಡಿ ಮುಂದ ನಾವು ನಾಕು ಮಂದಿ ಬೆಂಚಿನ ಮ್ಯಾಲೆ ಸಾಲಾಗಿ ಕುಂತಿದ್ವಿ, ಸೀನ ಲ್ಯಾಪ್‌ಟಾಪ್ ತೊಗೊಂಡೇ ಬಂದಿದ್ದ, ನಮ್ಮೂರ ಸೆಕಿಗೆ ಅದರ ಫ್ಯಾನು ಹಿಟ್ಟಿನ ಗಿರಣಿ ಹಂಗ ಹೊಡ್ಕೊಳ್ತಿತ್ತು. ಅವಂದು ಜೀನ್ಸ್ ಹೊಲಿಯೋ ಯೂನಿಟ್ಟು. ಯಾರು ಎಷ್ಟು ಪೀಸ್ ಹೊಲಿದ್ರು ಅನ್ನೋದು ಎಕ್ಸೆಲ್‌ನಾಗ ಇರ್ತೈತಿ, ಶನಿವಾರ ಬಟವಾಡಿ ಬಂತಂದ್ರ ರಾತ್ರಿ ಹನ್ನೊಂದರ ತನಕ ಕೂಡ್ಸೋದು ಕಳಿಯೋದು, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲ್ತ್ರ ಐದು ನಿಮಿಷದ ಕೆಲಸ ಅಂತ ಯಾರೋ ತಲಿ ತುಂಬ್ಯಾರ.

"ನಾಕು ಸಲ ಇನ್‌ಸ್ಟಾಲ್ ಮಾಡೀನಲೇ. ಪೈಥಾನ್ ಅಂತ ಟೈಪ್ ಮಾಡಿದ್ರ ಮೈಕ್ರೋಸಾಫ್ಟ್ ಸ್ಟೋರ್ ತೆಗಿತೈತಿ. ಮನ್ಯಾಗ ಇರೋ ಸಾಮಾನಿಗೆ ಅಂಗಡಿಗೆ ಹೋಗು ಅಂತೈತಲ್ಲ ಇದು!"

"ಐದನೇ ಸಲ ಹಾಕು" ಅಂದ ಖಾದರ್. ಅವಂದು ಗ್ಯಾರೇಜು, ಎಲ್ಲಾ ರೋಗಕ್ಕೂ ಒಂದೇ ಮದ್ದು, ಬಿಚ್ಚು, ಮತ್ತ ಕೂಡ್ಸು.

ಮೇಷ್ಟ್ರು ಮಿರ್ಚಿ ತುಂಬು ಮುರೀತಾ "ರೀಸ್ಟಾರ್ಟ್ ಮಾಡಿದ್ಯೇನಪಾ?" ಅಂದ್ರು. 

"ಇನ್‌ಸ್ಟಾಲ್ ಮಾಡೋವಾಗ ಕೆಳಗ ಒಂದು ಚೌಕ ಇರ್ತೈತಿ, ಆ್ಯಡ್ ಟು ಪಾತ್ ಅಂತ, ಅದಕ್ಕ ಟಿಕ್ ಹಾಕಿದ್ಯಾ?" ಅಂತ ನಾ ಕೇಳಿದೆ.

"ಯಾವ ಚೌಕ?"

ಇದೇ ನೋಡ್ರಿ. ಅದು ತಾನಾಗೇ ಟಿಕ್ ಆಗಿ ಬರಂಗಿಲ್ಲ, ನಮ್ಮ ಮಂದಿಗೆ ನೆಕ್ಸ್ಟ್ ನೆಕ್ಸ್ಟ್ ಫಿನಿಶ್ ಬಿಟ್ಟು ಏನೂ ಕಾಣಂಗಿಲ್ಲ. "ಆಮ್ಯಾಲೆ ಪಾತ್‌ನಾಗ ಕೈಲೇ ಸೇರ್ಸೀನಪೋ, ಎಲ್ಲಾದರ ಕೆಳಗ" ಅಂದ ಸೀನ.

"ಪಾತ್ ಅಂದ್ರ ಏನ್ಲೇ ಅದು?" ಖಾದರ್.

"ಫೋಲ್ಡರ್‌ಗಳ ವಿಳಾಸದ ಪಟ್ಟಿ. ನಡುವ ಒಂದೊಂದು ಸೆಮಿಕೋಲನ್, ಲಿನಕ್ಸ್‌ನಾಗ ಆದ್ರ ಕೋಲನ್. ನೀ ಒಂದು ಹೆಸರು ಟೈಪ್ ಮಾಡಿದ್ರ ಆ ಪಟ್ಟಿ ಹಿಡ್ಕೊಂಡು ಮೊದಲಿಂದ ಹುಡುಕ್ಕೋತ ಹೊಕ್ಕೈತಿ. ನಮ್ಮ ಓಣ್ಯಾಗ ಮೂರು ಮಂದಿ ಬಸ್ಯಾ ಅದಾರ ಹೌದಿಲ್ಲೋ? ಲಗ್ನಪತ್ರಿಕಿ ಕೊಡಾಕ ಬಂದಾವ ಓಣಿ ಬಾಯಾಗ ಮೊದಲ ಮನಿ ಬಾಗಲಾ ಬಡದು 'ಬಸ್ಯಾ ಅದಾನೇನ್ರಿ' ಅಂತಾನ, 'ಅದಾನ' ಅಂತಾರ, ಕೊಟ್ಟು ಹೋದ. ಒಳಗಿನ ಇಬ್ರು ಬಸ್ಯಾಗಳಿಗೆ ಲಗ್ನದ ಊಟ ಇಲ್ಲ."

"ಹಂಗಾರ ನನ್ನ ಪೈಥಾನು ಒಳಗಿನ ಬಸ್ಯಾ?"

"ಹೌದು. ಓಣಿ ಬಾಯಾಗ ವಿಂಡೋಸ್ ತಾನೇ ಒಬ್ಬ ಡುಪ್ಲಿಕೇಟ್ ಬಸ್ಯಾನ್ನ ನಿಂದ್ರಿಸೈತಿ."

ಗುರುತು ಹಿಡಿಯಾಕ ವೇರ್ ಪೈಥಾನ್ ಅಂತ ಹೊಡಿ ಅಂದೆ. ಹೊಡ್ದ. ಒಂದಕ್ಷರಾನೂ ಬರ್ಲಿಲ್ಲ. ನನ್ನ ಮರ್ಯಾದಿ ಮಂಡಕ್ಕಿ ಪ್ಲೇಟಿನ ಪಕ್ಕಕ್ಕ ಬಿತ್ತು. ಆಮ್ಯಾಲೆ ನೆನಪಾತು, ಅವ ತೆಗ್ದಿದ್ದ ಕಮಾಂಡ್ ಹೊಡಿಯೋ ಕಿಟಕಿ ಪವರ್‌ಶೆಲ್, ಅಲ್ಲಿ ವೇರ್ ಅಂದ್ರ ಬ್ಯಾರೇನೇ ಅರ್ಥ, ವೇರ್ ಡಾಟ್ ಇಎಕ್ಸ್‌ಇ ಅಂತ ಪೂರ್ತಿ ಬರೀಬೇಕು. ಬರದ. ಎರಡು ಸಾಲು ಬಂತು, ಮೊದಲನೇದು ಆ ಡುಪ್ಲಿಕೇಟ್ ಬಸ್ಯಾ, ವಿಂಡೋಸ್‌ಆ್ಯಪ್ಸ್ ಫೋಲ್ಡರಿಂದು, ಎರಡನೇದು ಸೀನ ಬೆವರು ಸುರಿಸಿ ಹಾಕಿದ್ದು.

ಮೇಷ್ಟ್ರಿಗೆ ಹುರುಪು ಬಂತು. "ಹೈದರಾಲಿ ನಮ್ಮ ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರನ್ನ ಗಲ್ಲಿಗೇರಿಸಿದ ಅಂತ ಕಥಿ ಹೇಳ್ತಾರಲ್ಲ, ಪಕ್ಕದ ಕುಂಬಾರ ಗುಡ್ಡ ಎತ್ತರ ಐತಿ ಅನ್ನೋದು ನೋಡ್ಲಿಲ್ಲ ಅಂತ. ನೀನೂ ಹಂಗ, ನಾಕು ಸಲ ಕೋಟೆ ಕಟ್ಟಿದಿ, ಒಂದ್ಸಲಾನೂ ಗುಡ್ಡ ನೋಡ್ಲಿಲ್ಲ!"

"ನನ್ನ ಗಲ್ಲಿಗೇರ್ಸೋ ಮುಂಚೆ ಗುಡ್ಡ ತೆಗೀರಪಾ."

ಸೆಟ್ಟಿಂಗ್ಸ್‌ನಾಗ ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸಸ್ ಅಂತ ಐತಿ, ಅಲ್ಲಿ ಪೈಥಾನ್ ಹೆಸರಿಂದ ಇದ್ದ ಎರಡೂ ಆಫ್ ಮಾಡಿಸ್ದೆ. ಸೀನ ಗೆದ್ದಾವ್ರ ಗತಿ ಪಕ್ಕದಾಗ ತೆಗ್ದಿದ್ದ ಇನ್ನೊಂದು ಕಿಟಕ್ಯಾಗ ಮತ್ತ ಟೈಪ್ ಮಾಡಿದ. ಈ ಸಲ ಬ್ಯಾರೆ ಎರರ್, ಹಂಗ ಹೆಸರಿನ ಕಮಾಂಡೇ ಇಲ್ಲ ಅಂತ. ಖಾದರ್ ಬಿದ್ದು ಬಿದ್ದು ನಗಾಕತ್ತಿದ. ಅದು ಮುಂಜಾನಿಂದ ತೆಗ್ದಿಟ್ಟ ಕಿಟಕಿ, ಪಾತ್ ಬದಲಾಗಿದ್ದು ಅದಕ್ಕ ಗೊತ್ತೇ ಇಲ್ಲ. ಬೆಳ್ಳಾರಿ ಹೋಗಿ ಬಳ್ಳಾರಿ ಅಂತ 2014ರಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾತು, ನಮ್ಮ ತಾತ ಇನ್ನೂ ಹಳೇದೇ ಬರೀತಾನ, ಹಂಗ. ಎಲ್ಲಾ ಮುಚ್ಚಿ ಹೊಸಾದು ತೆಗಿ ಅಂದೆ. ತೆಗ್ದ, ಪೈಥಾನ್ ಎದ್ದು ಕುಂತ್ಕೊಂತು!

ಎಕ್ಸೆಲ್ ಓದಾಕ ಓಪನ್‌ಪೈಎಕ್ಸೆಲ್ ಅನ್ನೋ ಪ್ಯಾಕೇಜು ಬೇಕಲ್ಲ, ಅದನ್ನ ತರಿಸೋ ಪಿಪ್ ಅಂತ ಹೊಡ್ದ್ರ ಅದೂ ಇಲ್ಲ ಅಂತು. ಪಿಪ್‌ನ ಮನಿ ಪೈಥಾನ್ ಫೋಲ್ಡರ್ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರು, ಸೀನ ಅದನ್ನ ಪಾತಿಗೆ ಸೇರ್ಸಿಲ್ಲ. ಪೈಥಾನ್ ಡ್ಯಾಶ್ ಎಂ ಪಿಪ್ ಇನ್‌ಸ್ಟಾಲ್ ಅಂತ ಹೊಡ್ದು ದಾಟಿದ್ವಿ.

"ಇಷ್ಟೆಲ್ಲಾ ಹೆಂಗ ಗೊತ್ತಲೇ ನಿನಗ?" ಅಂದ ಖಾದರ್.

ಹೇಳ್ಬಾರ್ದಿತ್ತು, ಹೇಳ್ದೆ. ಎಂಜಿನಿಯರಿಂಗ್ ಓದೋವಾಗ ಲ್ಯಾಬ್‌ನಾಗ ಶಾಣ್ಯಾತನ ತೋರ್ಸಾಕ ಹೋಗಿ ಪಾತ್ ಬದಲಿಸೋ ಸೆಟ್‌ಎಕ್ಸ್ ಕಮಾಂಡ್ ಹೊಡ್ದು ಇದ್ದ ಪಾತಿಗೆ ಹೊಸಾದು ಅಂಟಿಸಿದ್ದೆ, ಅದು 1024 ಅಕ್ಷರ ದಾಟಿದ್ದನ್ನ ಕತ್ತರಿಸಿ ಬಿಸಾಕತೈತಿ ಅಂತ ಯಾರಿಗ್ ಗೊತ್ತು, ವಾರ್ನಿಂಗ್ ಬಂದಿತ್ತು, ವಾರ್ನಿಂಗ್ ಯಾರು ಓದ್ತಾರ, ಪಟ್ಟ್ಯಾಗಿಂದ ಜಾವಾ ಹೋತು, ಗಿಟ್ ಹೋತು, ಲ್ಯಾಬಿನ ಸರ್ ಬಂದು ಯಾರು ಮಾಡಿದ್ದು ಅಂದಾಗ ನಾನೂ ಎಲ್ಲಾರ ಕೂಡ ಸೇರಿ 'ಯಾರ್ಲೇ ಮಾಡಿದ್ದು' ಅಂತ ಕೇಳ್ದೆ.

"ಅಳತಿ ನೋಡ್ದೆ ಕಾಲು ಕತ್ತರಿಸಿ ಪ್ಯಾಂಟ್‌ನ ಚಡ್ಡಿ ಮಾಡಿದಿ" ಅಂದ ಸೀನ, ಕಸುಬಿನ ಭಾಷೆದಾಗ.

ಅಷ್ಟ್ರಾಗ ಅವನ ಪ್ರೋಗ್ರಾಮ್ ಓಡಿಸಿದ್ವಿ. ಮತ್ತ ಕೆಂಪು ಎರರ್! ಓಪನ್‌ಪೈಎಕ್ಸೆಲ್‌ನಾಗ ಲೋಡ್ ವರ್ಕ್‌ಬುಕ್ ಅನ್ನೋ, ಎಕ್ಸೆಲ್ ಫೈಲ್ ತೆಗಿಯೋ ಕಮಾಂಡೇ ಇಲ್ಲ ಅಂತ.

"ಫೈಲಿಗೆ ಏನ್ ಹೆಸರಿಟ್ಟೀಯಪಾ?" ಕೇಳಿದ್ದು ಮೇಷ್ಟ್ರು.

"ಓಪನ್‌ಪೈಎಕ್ಸೆಲ್ ಡಾಟ್ ಪಿವೈ. ನೆನಪಿರ್ಲಿ ಅಂತ."

ಮೂರೂ ಮಂದಿ ಒಟ್ಟಿಗೆ ಚೀರಿದ್ವಿ, "ಬಸ್ಯಾ!" ಪೈಥಾನ್ ಮೊದಲು ನೋಡೋದೇ ಪ್ರೋಗ್ರಾಮ್ ಇರೋ ಫೋಲ್ಡರು, ಅಲ್ಲಿ ಇವನ ಫೈಲೇ ಆ ಹೆಸರಿಟ್ಕೊಂಡು ಕುಂತೈತಿ, ತನ್ನನ್ನ ತಾನೇ ಕರ್ಕೊಂಡು ಬಂತು. ಬಟವಾಡಿ ಅಂತ ಹೆಸರು ಬದಲಿಸಿದ, ಲೆಕ್ಕ ಬಂತು. ಬಟನಿನ ಮ್ಯಾಲೆಲ್ಲಾ ಮಿರ್ಚಿ ಎಣ್ಣಿ.

ಬಂಡಿ ಅಣ್ಣ ಅಷ್ಟೊತ್ತೂ ಸುಮ್ನ ಕೇಳಾಕತ್ತಿದ್ದ. ಜಾರಿ ಹಿಡ್ಕೊಂಡೇ ಬಂದ. "ಐದು ಪ್ಲೇಟ್ ಮಿರ್ಚಿ, ಎರಡು ಮಂಡಕ್ಕಿ. ನಾನೂ ಎಡಗಡಿಂದನ ಕೇಳ್ಕೋತ ಬರ್ತೀನ್ರಿ, ಮೊದಲು ಸಿಕ್ಕಾವ್ರ ಹತ್ರ ತೊಗೊಂಡು ನಿಂದ್ರತೀನಿ."

ಬೆಂಚಿನ ಎಡಕ ಮೊದಲು ಕುಂತಾವ ನಾನು. ಸೀನ ಆಗ್ಲೇ ಲ್ಯಾಪ್‌ಟಾಪ್ ಮುಚ್ಚಿದ್ದ.