ಪದಚರ್ಚೆ: ಆಡಿಯೊ ಬರೆಸುವ ಕೆಲಸಕ್ಕೆ ‘ಲಿಪ್ಯಂತರ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಶರಾವತಿ ಮುಳುಗಡೆಯಲ್ಲಿ ಮನೆ, ತೋಟ ಬಿಟ್ಟು ಬಂದ ಹಿರಿಯರ ಮಾತನ್ನು ಸಾಗರ, ಹೊಸನಗರದ ಕಡೆ ರೆಕಾರ್ಡ್ ಮಾಡಿದ್ದೇವೆ. ಅದನ್ನು ಫ್ರೀಲಾನ್ಸ್ ಆಗಿ ಟೈಪ್ ಮಾಡಿಕೊಡುವ ಒಬ್ಬರಿಗೆ ಒಪ್ಪಿಸಬೇಕಿದೆ. ಕೆಲಸದ ಪತ್ರದಲ್ಲಿ ‘ಲಿಪ್ಯಂತರ’ ಎಂದು ಬರೆದರೆ ಸರಿಯೇ? ‘ಯಥಾವತ್’ ಎಂದರೆ ಎಷ್ಟರ ಮಟ್ಟಿಗೆ?

ಉತ್ತರ 1

‘ಲಿಪ್ಯಂತರ’ ಖಂಡಿತ ಬೇಡ ಮೇಡಂ. ಒಂದು ಲಿಪಿಯಲ್ಲಿರುವುದನ್ನು ಇನ್ನೊಂದು ಲಿಪಿಗೆ ತರುವುದು ಲಿಪ್ಯಂತರ. ಆ ಪದ ಹಾಕಿ, ಅವರು ಕನ್ನಡ ಮಾತನ್ನು ರೋಮನ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದರೆ ಕೇಳಲು ನಿಮಗೆ ಬಾಯಿರುವುದಿಲ್ಲ. ‘ಉಕ್ತಲೇಖನ’ ಎಂದರೆ ಮೇಷ್ಟ್ರು ಹೇಳಿ ಬರೆಸುವುದು. ‘ಧ್ವನಿಲೇಖನ’ವನ್ನು ಅನೇಕರು ರೆಕಾರ್ಡಿಂಗ್ ಎಂದೇ ಓದುತ್ತಾರೆ. ‘ಪ್ರತಿಲೇಖನ’ ಪರವಾಗಿಲ್ಲ, ಆದರೆ ನಕಲು ಪ್ರತಿ ಎಂಬ ಅರ್ಥಕ್ಕೂ ಎಳೆಯುತ್ತದೆ. ‘ಆಡಿಯೊವನ್ನು ಕನ್ನಡ ಲಿಪಿಯಲ್ಲಿ, ಯೂನಿಕೋಡ್‌ನಲ್ಲಿ ಬರಹಕ್ಕಿಳಿಸುವುದು’ ಎಂದು ಬಿಡಿಸಿಯೇ ಬರೆಯಿರಿ. ಯೂನಿಕೋಡ್ ಎಂದು ಸೇರಿಸದಿದ್ದರೆ ಹಳೆಯ ನುಡಿ ಫಾಂಟಿನ ಫೈಲ್ ಬರಬಹುದು. ಅದರಲ್ಲಿ ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ.

‘ಯಥಾವತ್’ ಒಂದೇ ಪದ, ಆದರೆ ಬರೆಯುವವರು ಅದನ್ನು ಬೇರೆ ಬೇರೆಯಾಗಿ ತಿಳಿಯುತ್ತಾರೆ. ಆಡಿದ್ದು ಹೀಗಿದೆ ಎನ್ನಿ (‘ಕೊನೆ’ ಎಂದರೆ ಅಡಿಕೆ ಗೊನೆ, ‘ದೋಟಿ’ ಎಂದರೆ ಅದನ್ನು ಕೊಯ್ಯುವ ಉದ್ದನೆಯ ಕೋಲು): “ಅವಾಗ... ಹ್ಞಾ, ಅವಾಗ ಕೊನೆ ತೆಗ್ಸೋಕೆ ಈ, ಈ ದೋಟಿ ಗೀಟಿ ಎಲ್ಲಿತ್ತು? ಮರ ಹತ್ತೋರೇ ಬೇಕಿತ್ತು.” ತಡವರಿಕೆ ಸಮೇತ ಹೀಗೇ ಬರೆದರೆ ಪೂರ್ಣ ಯಥಾವತ್. “ಅವಾಗ ಕೊನೆ ತೆಗ್ಸೋಕೆ ಈ ದೋಟಿ ಗೀಟಿ ಎಲ್ಲಿತ್ತು? ಮರ ಹತ್ತೋರೇ ಬೇಕಿತ್ತು” ಎಂದರೆ ತಡವರಿಕೆ ತೆಗೆದ ಪ್ರತಿ. “ಆಗ ಕೊನೆ ತೆಗೆಸಲು ದೋಟಿ ಇರಲಿಲ್ಲ” ಎಂದರೆ ಅದು ಬರಹಕ್ಕಿಳಿಸಿದ್ದಲ್ಲ, ತಿದ್ದಿ ಬರೆದದ್ದು. ಕಚೇರಿ ಟೈಪಿಂಗ್ ರೂಢಿಯಾದವರು ಕೇಳದೆಯೇ ಈ ಮೂರನೆಯದಕ್ಕೆ ಹೋಗುತ್ತಾರೆ. ನಿಮ್ಮ ಕೆಲಸಕ್ಕೆ ಎರಡನೆಯದು ಸಾಕು, ಒಂದು ಷರತ್ತಿನ ಮೇಲೆ: ಮಾತಾಡುವವರು ತಮ್ಮನ್ನೇ ತಿದ್ದಿಕೊಂಡದ್ದು ಉಳಿಯಬೇಕು. “ಅರವತ್ಮೂರು... ಅಲ್ಲಲ್ಲ, ಅರವತ್ನಾಕು” ಎಂದದ್ದನ್ನು ತಡವರಿಕೆ ಎಂದು ಸವರಿದರೆ ಇಸವಿಯೇ ತಪ್ಪಬಹುದು. ಈ ಮುಳುಗಡೆಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ, ಹಾಗಾಗಿ ಅಲ್ಲಿ ಒಂದು ವರ್ಷ ಸಣ್ಣ ಮಾತಲ್ಲ.

ಈ ಮೂರೂ ಮಾದರಿಯನ್ನು ಪತ್ರದಲ್ಲೇ ಹಾಕಿ, ಬೇಕಾದ್ದಕ್ಕೆ ಗುರುತು ಮಾಡಿ ಕೊಡಿ.

ಉತ್ತರ 2

ಮೇಲಿನ ಉತ್ತರಕ್ಕೆ ಕೆಲವು ಸೇರಿಸುತ್ತೇನೆ. ಬರೆಯುವವರು ಮಲೆನಾಡಿನವರಲ್ಲದಿದ್ದರೆ ಒಂದು ಪುಟದ ಪದಪಟ್ಟಿ ಜೊತೆಗಿರಲೇಬೇಕು. ‘ದೋಟಿ’ ‘ಧೋತಿ’ಯಾಗುತ್ತದೆ, ಅಡಿಕೆ ಬೇಯಿಸಿದ ರಸವಾದ ‘ಚೊಗರು’ ‘ಚಿಗುರು’ ಆಗುತ್ತದೆ, ಅಡಿಕೆಯ ಒಂದು ಬಗೆಯಾದ ‘ಬೆಟ್ಟೆ’ ಬರೀ ‘ಬೆಟ್ಟ’ವಾಗುತ್ತದೆ. ‘ಕೊನೆ ತೆಗ್ಸೋಕೆ’ ಎಂಬುದು ‘ಕೊನೆಗೆ ತೆಗ್ಸೋಕೆ’ ಆದರಂತೂ ಕೊಯ್ಲಿನ ಸುದ್ದಿಯೇ ಮಾಯ. ಇವೆಲ್ಲ ಸರಿಯಾದ ಕನ್ನಡ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಕಕ್ಕೆ ಸಿಕ್ಕುವುದಿಲ್ಲ. ಊರಿನ ಹೆಸರುಗಳನ್ನು ಹೋಬಳಿ ಸಮೇತ ಕೊಡಿ. ಮಡೆನೂರು ಈಗ ನೀರಿನಡಿ ಇದೆ. ಅಲ್ಲಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ನೀರು ಇಳಿದಾಗ ಮಾತ್ರ ಕಾಣುತ್ತದೆ. ಆ ಹೆಸರುಗಳನ್ನು ಹೊರಗಿನವರು ಊಹಿಸಿ ಬರೆಯುವುದು ಕಷ್ಟ.

ಕೇಳಿಸದ ಕಡೆ ಊಹೆ ಬೇಡ. [ಕೇಳಿಸದು 00:12:35] ಎಂದು ಸಮಯ ಸಮೇತ ಬರೆಯಲಿ, ಅನುಮಾನವಿದ್ದರೆ [ಮಡೆನೂರು?] ಎಂದು ಪ್ರಶ್ನೆಚಿಹ್ನೆ ಹಾಕಲಿ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಮಾಡಿದ ರೆಕಾರ್ಡಿಂಗ್‌ನಲ್ಲಿ ಇಂಥ ಗುರುತು ಒಂದೂ ಇಲ್ಲದೆ ಪ್ರತಿ ಬಂದರೆ ಅನುಮಾನಿಸಿ. ಯಂತ್ರ (ಮಾತನ್ನು ತಾನೇ ಬರಹಕ್ಕಿಳಿಸುವ ತಂತ್ರಾಂಶ) ಬರೆದದ್ದನ್ನು ಹಾಗೇ ಕಳಿಸಿರಬಹುದು. ಯಂತ್ರ ಬಳಸುವುದು ತಪ್ಪಲ್ಲ, ಆದರೆ ಅದು ಆಡುಮಾತನ್ನು ಗ್ರಂಥಸ್ಥ ರೂಪಕ್ಕೆ ತಿರುಗಿಸುತ್ತದೆ, ಕೇಳಿಸದ ವಾಕ್ಯವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಬಳಸುತ್ತೀರಾ ಎಂದು ಮೊದಲೇ ಕೇಳಿ.

ಮಳೆ ಸದ್ದು ತೆಗೆಯಲು ನೀವೇ ಫಿಲ್ಟರ್ ಹಾಕಬೇಡಿ. ಸ, ಶ, ಫ ಅಕ್ಷರಗಳ ಸದ್ದೂ ಮಳೆಯ ಸದ್ದಿನ ಜೊತೆಗೇ ಹೋಗುತ್ತದೆ. ಮೂಲ ಫೈಲನ್ನೇ ಡ್ರೈವ್ ಲಿಂಕ್‌ನಲ್ಲಿ ಕೊಡಿ. ಸ್ಟೀರಿಯೊ ಡಬ್ಲ್ಯುಎವಿ 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿದ್ದರೆ ಒಂದು ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ. ನೆಟ್‌ವರ್ಕ್ ಸಿಗದ ಊರಿನವರು ಶಿವಮೊಗ್ಗಕ್ಕೆ ಬಂದಾಗ ಅಪ್‌ಲೋಡ್ ಮಾಡುವುದೇ ವಾಸಿ.

ದರ ಸಾಮಾನ್ಯವಾಗಿ ಆಡಿಯೊದ ನಿಮಿಷಕ್ಕೆ ಇರುತ್ತದೆ, ಕೂತು ಬರೆದ ಗಂಟೆಗಲ್ಲ. ಒಬ್ಬರೇ ಸ್ಪಷ್ಟವಾಗಿ ಮಾತಾಡಿದ ಒಂದು ಗಂಟೆಯ ಆಡಿಯೊಗೆ ಪಳಗಿದವರಿಗೂ ನಾಲ್ಕು ಗಂಟೆ ಬೇಕು. ಮನೆಯವರೆಲ್ಲ ನಡುವೆ ಬಾಯಿ ಹಾಕಿದ್ದರೆ ಆರೋ ಎಂಟೋ. ಹತ್ತು ಗಂಟೆಯ ಆಡಿಯೊವನ್ನು ನಾಳೆಗೇ ಕೊಡುತ್ತೇನೆ ಎಂದವರಿಗೆ ಒಪ್ಪಿಸಬೇಡಿ.

ಮೊದಲು ಐದು ನಿಮಿಷದ ಮಾದರಿಯನ್ನು ದುಡ್ಡು ಕೊಟ್ಟೇ ಮಾಡಿಸಿ. ಆ ಐದು ನಿಮಿಷವನ್ನು ಫೈಲಿನ ಶುರುವಿನಿಂದ ತೆಗೆಯಬೇಡಿ, ಅಲ್ಲಿ ಬರೀ ಕುಶಲೋಪರಿ ಇರುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದ ಜಾಗ ಹುಡುಕಿ ಕೊಡಿ. ಬರಹ ಕೈಸೇರಿದ ಮೇಲೆ ಒಂದೊಂದು ಫೈಲಿನಲ್ಲೂ ಮೂರು ಕಡೆ ಎರಡೆರಡು ನಿಮಿಷ ಇಯರ್‌ಫೋನ್ ಹಾಕಿ ಹೋಲಿಸಿ, ಊರು, ಎಕರೆ, ಇಸವಿಗಳನ್ನು ಮಾತ್ರ ಒಂದೂ ಬಿಡದೆ ನೋಡಿ. ಹೆಸರಿನ ಬದಲು ‘ವ್ಯಕ್ತಿ 1’ ಎಂದು ಬರೆಸಿ, ಹೆಸರಿನ ಪಟ್ಟಿ ನಿಮ್ಮಲ್ಲೇ ಇರಲಿ. ಬಾಕಿ ಹಣ ಕೊಡುವ ಮುನ್ನ ಅವರ ಬಳಿಯ ಆಡಿಯೊ ಅಳಿಸಿದ್ದಾಗಿ ಬರೆಸಿಕೊಳ್ಳಿ.