ತೋಟದ ಲೆಕ್ಕಕ್ಕೂ ಸಿನಿಮಾಗೂ ಒಂದೇ ಪಿಸಿ: ಡ್ಯುಯಲ್ ಬೂಟ್ ಸರಿನಾ?

ತೋಟದಮನೆ, ಮೂಡಿಗೆರೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 7ನೇ ಜನರೇಶನ್ ಐ5 ಪಿಸಿ ಇದೆ, ವಿಂಡೋಸ್ 10. ಅಪ್ಪ ಅದರಲ್ಲಿ ಟ್ಯಾಲಿ ಹಾಕಿಕೊಂಡು ಆಳುಗಳ ಬಟವಾಡೆ, ಗೊಬ್ಬರದ ಖರ್ಚು, ಕಾಫಿ ಮಾರಿದ ಲೆಕ್ಕ ಎಲ್ಲಾ ಬರೀತಾರೆ. ಹಾಲ್‌ನಲ್ಲಿರೋ 43 ಇಂಚಿನ 4ಕೆ ಟಿವಿಯೇ ಮಾನಿಟರ್. ಅಮ್ಮ ನೋಡೋ ಯಕ್ಷಗಾನದ ರೆಕಾರ್ಡಿಂಗ್, ಮದುವೆ ವಿಡಿಯೊ, ಸಿನಿಮಾ 4 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿವೆ. ಅವರಿಗೆ ಮೌಸ್ ಹಿಡಿಯೋದು ಕಷ್ಟ, ರಿಮೋಟ್ ಸಾಕು. ಅದಕ್ಕೆ ವಿಂಡೋಸ್ ಜೊತೆಗೆ ಲಿಬ್ರೆಎಲೆಕ್ (ಕೋಡಿ ಓಡಿಸೋಕೆ ಅಂತಲೇ ಇರೋ ಚಿಕ್ಕ ಲಿನಕ್ಸ್) ಹಾಕಿ, ಆನ್ ಮಾಡುವಾಗ ಎರಡರಲ್ಲೊಂದು ಆರಿಸೋ ಡ್ಯುಯಲ್ ಬೂಟ್ ಮಾಡೋಣ ಅಂತಿದ್ದೇನೆ. ಲಿಬ್ರೆಎಲೆಕ್ ಆನ್ ಆದರೆ ವಿಡಿಯೊ ತೋರಿಸೋ ಕೋಡಿ ಆ್ಯಪೇ ನೇರ ಬರುತ್ತೆ. ಏನಂತೀರಿ?

ಕಾಫಿನಾಡು ಕವಿತಾ
ಬೇಡ ಅಂತೀನಿ. ಕೋಡಿ ವಿಂಡೋಸ್‌ನಲ್ಲೇ ಚೆನ್ನಾಗಿ ನಡೆಯುತ್ತೆ. ಲಾಗಿನ್ ಆದ ಕೂಡಲೇ ಕೋಡಿ ತೆರೆಯೋ ಹಾಗೆ ಇಟ್ಟರಾಯ್ತು. ಎರಡು ಓಎಸ್ (ಆಪರೇಟಿಂಗ್ ಸಿಸ್ಟಮ್) ಅಂದ್ರೆ ಪ್ರತಿ ಸಲ ರೀಸ್ಟಾರ್ಟ್. ಅಪ್ಪ ರಾತ್ರಿ ವೋಚರ್ ಹಾಕ್ತಾ ಕೂತಿರುವಾಗ ಅಮ್ಮನಿಗೆ ಟಿವಿ ಬೇಕಾದರೆ ಡ್ಯುಯಲ್ ಬೂಟ್‌ನಿಂದ ಏನು ಉಪಯೋಗ?

ಹಾಸನ ರಿಪೇರಿ
ಮೇಡಂ, ನೀವು ಹೇಳೋದು ವಿಂಡೋಸ್ 11 ಇರೋ ಪಿಸಿಗೆ ಸರಿ. ಇಲ್ಲಿ ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು. ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ಜನರೇಶನ್‌ನಿಂದ ಮೇಲಿನದನ್ನೇ ಕೇಳುತ್ತೆ. ಹಳೇ ವಿಂಡೋಸ್‌ನಲ್ಲಿ ಮನೆಯ ಲೆಕ್ಕ ಇಟ್ಟುಕೊಂಡು, ಕೋಡಿಗೆ ಪೋಸ್ಟರ್, ಸಬ್‌ಟೈಟಲ್ ಇಳಿಸೋಕೆ ಅಂತ ಅದನ್ನೇ ದಿನಾ ಇಂಟರ್‌ನೆಟ್‌ಗೆ ಬಿಡೋದು ನನಗೆ ಸರಿ ಕಾಣಲ್ಲ. ಟ್ಯಾಲಿ ಕಡೆ ನೆಟ್ ಬಂದ್ ಮಾಡಲಿ, ನೆಟ್ ಬೇಕಾದ್ದೆಲ್ಲ ಲಿಬ್ರೆಎಲೆಕ್ ನೋಡಿಕೊಳ್ಳಲಿ.

ಬೇಲೂರು ಲಿನಕ್ಸ್
ಹಾಗಾದ್ರೆ ಇರೋ ಎಸ್‌ಎಸ್‌ಡಿಯಲ್ಲೇ 40 ಜಿಬಿ ಪಾರ್ಟಿಶನ್ ಬಿಡಿಸಿ ಉಬುಂಟು ಲಿನಕ್ಸ್ ಹಾಕಿ, ಮೇಲೆ ಕೋಡಿ. ಆನ್ ಮಾಡಿದಾಗ ಬರೋ ಗ್ರಬ್ ಮೆನುವಿನಲ್ಲಿ ಬೇಕಾದ ಓಎಸ್ ಆರಿಸಬಹುದು. ಖರ್ಚೂ ಇಲ್ಲ.

ಹಾಸನ ರಿಪೇರಿ
ಗುರು, ಒಂದೇ ಡಿಸ್ಕ್ ಬೇಡ, ಸೆಕ್ಯೂರ್ ಬೂಟ್ (ಒಪ್ಪಿಗೆಯಿಲ್ಲದ ಓಎಸ್ ಏಳದಂತೆ ತಡೆಯೋ ಸೆಟ್ಟಿಂಗ್) ಕೂಡ ಬೇಡ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ನೆನಪಿದೆ ಅಲ್ವಾ? ಸೆಕ್ಯೂರ್ ಬೂಟ್ ಆನ್ ಇದ್ದ ಎಷ್ಟೋ ಡ್ಯುಯಲ್ ಬೂಟ್ ಪಿಸಿಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ನಮಗೆ ಬೇಕಿರೋದು ಅಮ್ಮ ಆನ್ ಮಾಡಿದ ತಕ್ಷಣ ಓಡೋ ಪೆಟ್ಟಿಗೆ.

ಮೂಡಿಗೆರೆಯವರೇ, ಇದನ್ನ ಗಮನವಿಟ್ಟು ಓದಿ. ಲಿಬ್ರೆಎಲೆಕ್ ಇನ್‌ಸ್ಟಾಲರ್ ಪಾರ್ಟಿಶನ್ ಕೇಳಲ್ಲ, ನೀವು ತೋರಿಸಿದ ಡಿಸ್ಕ್ ಪೂರ್ತಿ ಒರೆಸಿ ಕೂರುತ್ತೆ. ಆಯ್ಕೆ ತಪ್ಪಿದರೆ ಟ್ಯಾಲಿ ಡೇಟಾ ಹೋಯ್ತು. 120 ಜಿಬಿಯದ್ದು ಇನ್ನೊಂದು ಎಸ್‌ಎಸ್‌ಡಿ ತಗೊಳ್ಳಿ. ಮೊದಲು ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವ್‌ಗೆ ಹಾಕಿ. ಆಮೇಲೆ ಕ್ಯಾಬಿನೆಟ್ ತೆಗೆದು ವಿಂಡೋಸ್ ಡಿಸ್ಕ್‌ನ ಸಾಟಾ ಕೇಬಲ್ ಬಿಚ್ಚಿ. 4 ಟಿಬಿ ಡಿಸ್ಕನ್ನೂ ಬಿಚ್ಚಿ. ಹೊಸ ಎಸ್‌ಎಸ್‌ಡಿ ಒಂದೇ ಇರುವಾಗ ಇನ್‌ಸ್ಟಾಲ್ ಮಾಡಿ. ಲಿಬ್ರೆಎಲೆಕ್‌ಗೆ ಸೆಕ್ಯೂರ್ ಬೂಟ್ ಆಫ್ ಆಗಿರಬೇಕು. ಕೊನೆಗೆ ಎಲ್ಲ ಕೇಬಲ್ ವಾಪಸ್ ಸಿಕ್ಕಿಸಿದರೆ ಮುಗೀತು. ಗ್ರಬ್ ಗೋಜೇ ಇಲ್ಲ.

ತೋಟದಮನೆ, ಮೂಡಿಗೆರೆ
ಬಯೋಸ್‌ನಲ್ಲಿ (ಮದರ್‌ಬೋರ್ಡ್ ಸೆಟ್ಟಿಂಗ್‌ನಲ್ಲಿ) ಯಾವ ಡಿಸ್ಕನ್ನ ಮೊದಲು ಇಡಲಿ ಸರ್? ಟ್ಯಾಲಿ ಮುಖ್ಯ, ಅದೇ ಮೊದಲು ಬರಲಿ ಅಂತಾರೆ ಅಪ್ಪ.

ಕಾಫಿನಾಡು ಕವಿತಾ
ಡ್ಯುಯಲ್ ಬೂಟ್ ನನಗೆ ಇನ್ನೂ ಒಪ್ಪಿಗೆಯಿಲ್ಲ. ಆದರೆ ಮಾಡೋದೇ ಆದರೆ ಅಮ್ಮನದ್ದು ಮೊದಲು ಬರಲಿ. ಅಪ್ಪನ ಕೈಯಲ್ಲಿ ಕೀಬೋರ್ಡ್ ಇದ್ದೇ ಇರುತ್ತೆ, ಆನ್ ಆಗುವಾಗ ಎಫ್11 ಅಥವಾ ಎಫ್12 ಒತ್ತಿ ವಿಂಡೋಸ್ ಆರಿಸಲಿ. ಅಮ್ಮನ ಕೈಯಲ್ಲಿ ರಿಮೋಟ್ ಮಾತ್ರ. ಅಂದಹಾಗೆ ಟಿವಿ ರಿಮೋಟಿನಿಂದಲೇ ಕೋಡಿ ನಡೆಯುತ್ತೆ ಅಂದುಕೊಳ್ಳಬೇಡಿ. ಪಿಸಿಯ ಎಚ್‌ಡಿಎಂಐನಲ್ಲಿ ಟಿವಿ ರಿಮೋಟಿನ ಒತ್ತುವಿಕೆಯನ್ನ ಕೇಬಲ್ ಮೂಲಕ ಪಿಸಿಗೆ ಕಳಿಸೋ ಸಿಇಸಿ ಸಾಮಾನ್ಯವಾಗಿ ಇರಲ್ಲ. ಯುಎಸ್‌ಬಿ ಡಾಂಗಲ್ ಇರೋ ಚಿಕ್ಕ ರಿಮೋಟ್ ತಗೊಳ್ಳಿ.

ಬೇಲೂರು ಲಿನಕ್ಸ್
ಎರಡು ಡಿಸ್ಕ್ ಮಾತು ಒಪ್ಪಿದೆ. ಇನ್ನೆರಡು ವಿಷಯ. ವಿಂಡೋಸ್‌ನ ಪವರ್ ಆಪ್ಶನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಅದು ಆನ್ ಇದ್ರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಆಫ್ ಆಗಲ್ಲ, ತನ್ನ ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕನ್ನ ಬಿಟ್ಟುಕೊಡಲ್ಲ. ಆಗ ಲಿನಕ್ಸ್ ಕಡೆಯಿಂದ ಬರೆಯೋಕೆ ಹೋದರೆ ತೊಂದರೆ.

ಇನ್ನೊಂದು ಗಡಿಯಾರ. ಮದರ್‌ಬೋರ್ಡ್ ಗಡಿಯಾರದಲ್ಲಿ ವಿಂಡೋಸ್ ನಮ್ಮ ಟೈಮ್ ಇಡುತ್ತೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತೆ. ವ್ಯತ್ಯಾಸ ಐದೂವರೆ ಗಂಟೆ. ಬೆಳಿಗ್ಗೆ 10ಕ್ಕೆ ಟ್ಯಾಲಿ ತೆರೆದರೆ ಮೂಲೆಯಲ್ಲಿ 4:30 ಅಂತ ಇರುತ್ತೆ. ನೆಟ್ ಇಲ್ಲದ ವಿಂಡೋಸ್ ತಾನಾಗಿ ಸರಿಮಾಡಿಕೊಳ್ಳೋದೂ ಇಲ್ಲ. ರಿಜಿಸ್ಟ್ರಿಯಲ್ಲಿ 'ರಿಯಲ್‌ಟೈಮ್‌ಈಸ್‌ಯುನಿವರ್ಸಲ್' ಅಂತ ಒಂದು ಎಂಟ್ರಿ ಹಾಕಿ ಬೆಲೆ 1 ಕೊಟ್ಟರೆ ಎರಡೂ ಒಂದೇ ಟೈಮ್ ತೋರಿಸುತ್ತವೆ.

ಘಾಟಿ ಮಳೆ, ಸಕಲೇಶಪುರ
ಯಾರೂ ಗುಡುಗಿನ ಮಾತೇ ಎತ್ತಲಿಲ್ಲ! ಏಪ್ರಿಲ್ ಮೇ ತಿಂಗಳ ಮಳೆಗೆ ಪ್ಲಗ್ ಒಂದು ಕಿತ್ತರೆ ಸಾಲದು. ನಮ್ಮ ಮನೆಯಲ್ಲಿ ಎಲ್ಲ ಪ್ಲಗ್ ಕಿತ್ತಿದ್ದರೂ ಟಿವಿಯ ಎಚ್‌ಡಿಎಂಐ ಪೋರ್ಟ್ ಸುಟ್ಟಿತು. ಸಿಡಿಲು ಹೆಂಚಿನ ಮೇಲಿನ ಡಿಶ್‌ನಿಂದ ಕೇಬಲ್ ಹಿಡಿದು ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಟಿವಿಗೆ ಬಂದಿತ್ತು. ಆ ಟಿವಿಗೆ ನಿಮ್ಮ ಪಿಸಿ ಸೇರಿಸಿದರೆ ಲೆಕ್ಕವೂ ಅದೇ ದಾರಿಯಲ್ಲಿ ಇರುತ್ತೆ. ಮೋಡ ಕಟ್ಟಿದ ಕೂಡಲೇ ಡಿಶ್ ಕೇಬಲ್ ಮೊದಲು ಬಿಚ್ಚಿ. ಲ್ಯಾನ್ ವೈರ್ ಹೊರಗಿಂದ ಬಂದಿದ್ದರೆ ಅದನ್ನೂ ಬಿಚ್ಚಿ. ಜೊತೆಗೆ ಯುಪಿಎಸ್ ಇರಲಿ, ಕರೆಂಟ್ ಹೋದಾಗ ಟ್ಯಾಲಿ ಮುಚ್ಚೋಕೆ ಟೈಮ್ ಸಿಗುತ್ತೆ.

ತೋಟದಮನೆ, ಮೂಡಿಗೆರೆ
ಡಿಶ್ ವಿಷಯ ಹೊಳೆದೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಎರಡನೇ ಎಸ್‌ಎಸ್‌ಡಿ ತರ್ತೀನಿ, ಲಿಬ್ರೆಎಲೆಕ್ ಮೊದಲು. ಕೊನೇ ಪ್ರಶ್ನೆ: ಈ ಪಿಸಿಗೆ 4ಕೆ ಆಗುತ್ತಾ?

ಹಾಸನ ರಿಪೇರಿ
ವಿಡಿಯೊ ಕುಗ್ಗಿಸೋ ಎಚ್‌ಇವಿಸಿ ವಿಧಾನದ 10 ಬಿಟ್ ಫೈಲ್ 7ನೇ ಜನರೇಶನ್ ಆರಾಮಾಗಿ ಓಡಿಸುತ್ತೆ. ಎವಿ1 ಅನ್ನೋ ಇನ್ನೊಂದು ವಿಧಾನಕ್ಕೆ ಅದರಲ್ಲಿ ಹಾರ್ಡ್‌ವೇರ್ ಬಲ ಇಲ್ಲ. ಆ ಕಾಲದ ಬೋರ್ಡ್‌ಗಳಲ್ಲಿ ಜಾಸ್ತಿ ಎಚ್‌ಡಿಎಂಐ 1.4, ಹಾಗಾಗಿ 4ಕೆಯಲ್ಲಿ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ) ಮಾತ್ರ. ಸಿನಿಮಾ 24 ಫ್ರೇಮ್, ಅದಕ್ಕೆ ಸಾಕು. ಕೋಡಿ ಮೆನು 1080ರಲ್ಲಿ 60 ಹರ್ಟ್ಸ್‌ಗೆ ಇಡಿ. ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಹೊಂದಿಸೋದನ್ನ ಆನ್ ಮಾಡಿ, 4ಕೆ ಮೋಡ್‌ಗಳನ್ನ ವೈಟ್‌ಲಿಸ್ಟ್‌ಗೆ (ಕೋಡಿ ಬಳಸಬಹುದಾದ ಮೋಡ್‌ಗಳ ಪಟ್ಟಿಗೆ) ಸೇರಿಸಿ. ಓಟಿಟಿ ಎಲ್ಲಾ ಟಿವಿಯ ಆ್ಯಪ್‌ನಲ್ಲೇ ನೋಡಿ, ಅದಕ್ಕೆ ಪಿಸಿ ಬೇಡ. ಬೋರ್ಡ್ ನಂಬರ್ ಹಾಕಿ, ಬೂಟ್ ಮೆನುವಿನ ಕೀ ಯಾವುದು ಅಂತ ನೋಡಿ ಹೇಳ್ತೀನಿ.