ಅಡಿಕೆ ಅಂಗಡಿ ಬಿಲ್ಲಿಂಗ್ ಪ್ರೋಗ್ರಾಂ ನಿಧಾನ: ಮೊದಲು ಯಾವುದಕ್ಕೆ ಕೈ ಹಾಕಲಿ?

ಬದಿಯಡ್ಕದವ:
ನಮಸ್ಕಾರ. ಮಾವನ ಅಡಿಕೆ ಖರೀದಿ ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಂ ಈಗ ನಾನು ನೋಡಿಕೊಳ್ಳುವುದು. ಬರೆದದ್ದು ಪೈಥಾನ್‌ನಲ್ಲಿ, ಡೇಟಾಬೇಸ್ ಎಸ್‌ಕ್ಯೂಲೈಟ್, ಹಳೇ ಹಾರ್ಡ್‌ ಡಿಸ್ಕಿನ ಕಂಪ್ಯೂಟರ್. ಒಂದು ಬಿಲ್ ಸೇವ್ ಆಗಲು 3 ಸೆಕೆಂಡು ಬೇಕು, ತಿಂಗಳ ರಿಪೋರ್ಟಿಗೆ 40 ಸೆಕೆಂಡು. ರಿಪೋರ್ಟನ್ನೇ ಮೊದಲು ಸರಿ ಮಾಡಲಾ? ಅಥವಾ ದರ ಲೆಕ್ಕ ಹಾಕುವ ಭಾಗವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಹೊಸದಾಗಿ ಬರೆಯಲಾ?

ಕುಂಬಳೆಯವ:
ಸೆಕೆಂಡು ಮಾತ್ರ ನೋಡಿದರೆ ಸಾಲದು ಮಾರಾಯ್ರೇ. ಆ ಕೆಲಸ ಎಷ್ಟು ಸಲ ನಡೆಯುತ್ತದೆ, ಆಗ ಯಾರು ಕಾಯುತ್ತಾರೆ, ಅದನ್ನೂ ನೋಡಿ. ಸೀಸನ್ನಿನಲ್ಲಿ ದಿನಕ್ಕೆ 150 ಬಿಲ್ ಅಂತ ಇಟ್ಟುಕೊಳ್ಳೋಣ. ತಲಾ 3 ಸೆಕೆಂಡು ಅಂದರೆ ಏಳೂವರೆ ನಿಮಿಷ, ಅದೂ ಅಡಿಕೆ ತಂದವರು ಎದುರಲ್ಲೇ ನಿಂತಿರುವಾಗ. ರಿಪೋರ್ಟು ತಿಂಗಳಿಗೊಮ್ಮೆ, ಕಾಯುವುದು ನೀವೊಬ್ಬರೇ. ಹಾಗಾಗಿ ಬಿಲ್ಲೇ ಮೊದಲು.

ಆ 3 ಸೆಕೆಂಡು ಎಲ್ಲಿ ಹೋಗುತ್ತದೆ ಅಂತ ಊಹೆ ಮಾಡಬೇಡಿ, ಅಳೆಯಿರಿ. ಯಾವ ಭಾಗಕ್ಕೆ ಎಷ್ಟು ಸಮಯ ಹೋಗುತ್ತದೆ ಅಂತ ತೋರಿಸುವ ಸಿಪ್ರೊಫೈಲ್ ಪೈಥಾನ್ ಜೊತೆಗೇ ಬರುತ್ತದೆ, ಅದನ್ನು ಓಡಿಸಿ ಇಲ್ಲಿ ಹಾಕಿ.

ಬದಿಯಡ್ಕದವ:
ನೋಡಿದೆ ಅಣ್ಣ. ರೈತರ ಹಳೇ ಬಾಕಿ ಕೂಡಿಸುವ ಕ್ವೆರಿಗೆ (ಡೇಟಾಬೇಸಿಗೆ ಕೇಳುವ ಪ್ರಶ್ನೆ) 2.4 ಸೆಕೆಂಡು, ಕಮಿಟ್‌ಗೆ, ಅಂದರೆ ಬರೆದದ್ದನ್ನು ಡೇಟಾಬೇಸಿನಲ್ಲಿ ಖಾಯಂ ಮಾಡಲು, 0.4, ದರದ ಲೆಕ್ಕಕ್ಕೆ 0.1, ಉಳಿದದ್ದು ಚಿಲ್ಲರೆ. ಪಟೋರ, ಉಳ್ಳಿ, ಕರಿಗೋಟು ಅಂತ ಅಡಿಕೆಯ ಬಗೆಗೊಂದರಂತೆ ಬಿಲ್ಲಿನಲ್ಲಿ ಎಷ್ಟು ಸಾಲು ಉಂಟೋ ಅಷ್ಟು ಸಲ ಆ ಬಾಕಿ ಕ್ವೆರಿ ಓಡುತ್ತದೆ. ಕಮಿಟ್ ಕೂಡ ಸಾಲಿಗೊಂದು.

ಕುಂಬಳೆಯವ:
ಹಾಗಾದರೆ ಸಿ ಪ್ಲಸ್ ಪ್ಲಸ್ ವಿಷಯ ಬಿಟ್ಟುಬಿಡಿ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ಲೆಕ್ಕ ಇದು: ಒಂದು ಭಾಗವನ್ನು ಎಷ್ಟೇ ಚುರುಕು ಮಾಡಿದರೂ ಹೆಚ್ಚೆಂದರೆ ಉಳಿತಾಯವಾಗುವುದು ಆ ಭಾಗ ತಿನ್ನುವ ಸಮಯ ಮಾತ್ರ. ದರದ ಲೆಕ್ಕವನ್ನು ಸೊನ್ನೆಗೆ ಇಳಿಸಿದರೂ ನಿಮ್ಮ ಬಿಲ್ಲಿಗೆ 2.9 ಸೆಕೆಂಡು ಬೇಕೇ ಬೇಕು. ವಾರಗಟ್ಟಲೆ ಕೂತು ಬರೆಯಬೇಕು, ಮೇಲಿಂದ ಪೈಸೆ ಲೆಕ್ಕ ಎಲ್ಲಿ ತಪ್ಪುತ್ತದೋ ಎಂಬ ಭಯ ಬೇರೆ.

ಬಾಕಿಯನ್ನು ಬಿಲ್ಲಿಗೆ ಒಂದೇ ಸಲ ಕೂಡಿಸಿ. ಆಮೇಲೆ ಆ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್ ಅಂತ ಹಾಕಿ ಓಡಿಸಿ. ಸ್ಕ್ಯಾನ್ ಅಂತ ಬಂದರೆ ಒಬ್ಬ ರೈತರ ಬಾಕಿಗೆ ಇಡೀ ಟೇಬಲ್ ಓದುತ್ತಿದೆ ಅಂತ ಅರ್ಥ. ರೈತರ ನಂಬರಿನ ಕಾಲಮ್ಮಿಗೆ ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ) ಕೊಡಿ, ಸ್ಕ್ಯಾನ್ ಹೋಗಿ ಸರ್ಚ್ ಅಂತ ಬರಬೇಕು. ಬರೆಯುವುದು ಒಂದೇ ಸಾಲು. ಮೊದಲು ಪ್ರೋಗ್ರಾಂ ಮುಚ್ಚಿ ಡೇಟಾಬೇಸ್ ಫೈಲಿನ ಕಾಪಿ ತೆಗೆದಿಡಿ, ಮರೆಯಬೇಡಿ.

ಬದಿಯಡ್ಕದವ:
ಸ್ಕ್ಯಾನ್ ಅಂತಲೇ ಇತ್ತು! ಎರಡೂ ಮಾಡಿದೆ, ಈಗ ಬಿಲ್ 0.6 ಸೆಕೆಂಡಿಗೆ ಬಂತು. ಮಾವನಿಗೆ ತುಂಬಾ ಖುಷಿ. ಕಮಿಟ್ ಕೂಡ ಸರಿ ಮಾಡಬೇಕಾ, ಇಷ್ಟೇ ಸಾಕಾ?

ಕುಂಬಳೆಯವ:
ವೇಗಕ್ಕಾದರೆ ಸಾಕು, 0.6ರಲ್ಲಿ ಯಾರಿಗೂ ಕಾದಂತೆ ಅನಿಸುವುದಿಲ್ಲ. ಆದರೆ ಕಮಿಟ್ ಖಂಡಿತ ಸರಿ ಮಾಡಿ, ಕಾರಣ ಬೇರೆ. ಸಾಲಿಗೊಂದು ಕಮಿಟ್ ಇದ್ದರೆ, ಮಳೆಗಾಲದಲ್ಲಿ ನಡುವೆ ಕರೆಂಟು ಹೋದಾಗ ಪಟೋರ ಸೇವ್ ಆಗಿರುತ್ತದೆ, ಕರಿಗೋಟು ಇರುವುದಿಲ್ಲ. ಇಡೀ ಬಿಲ್ಲನ್ನು ಒಂದೇ ಟ್ರಾನ್ಸಾಕ್ಷನ್ ಮಾಡಿ, ಅಂದರೆ ಎಲ್ಲ ಸಾಲಿಗೂ ಸೇರಿ ಕೊನೆಗೆ ಒಂದೇ ಕಮಿಟ್, ಆಗ ಎಲ್ಲ ಸಾಲೂ ಇರುತ್ತದೆ, ಇಲ್ಲ ಒಂದೂ ಇರುವುದಿಲ್ಲ. ಪ್ರತಿ ಕಮಿಟ್‌ಗೂ ಡೇಟಾ ಡಿಸ್ಕಿಗೆ ಇಳಿಯುವವರೆಗೆ ಎಸ್‌ಕ್ಯೂಲೈಟ್ ಕಾಯುತ್ತದೆ, ಆ ಕಾಯುವಿಕೆಯೂ ಕಡಿಮೆಯಾಗುತ್ತದೆ.

ರಿಪೋರ್ಟು ತಾರೀಕಿನ ಮೇಲೆ ಹುಡುಕುವುದಾದರೆ ಈಗ ಹಾಕಿದ ಇಂಡೆಕ್ಸ್ ಅದಕ್ಕೆ ಉಪಯೋಗಕ್ಕೆ ಬಾರದು. ಸದ್ಯ ಅದು 40 ಸೆಕೆಂಡೇ ಇರಲಿ. ಮಾವ ದಿನಾ ರಿಪೋರ್ಟು ಕೇಳಲು ಶುರು ಮಾಡಿದರೆ ಹೇಳಿ, ಆಗ ನೋಡೋಣ.